ಮಕ್ಕಳ ಕೈಗೆ ಸಿಗಬಾರದು

ತಂಗಿಯ ಮಗನಿಗೆ ಒಂದೂವರೆ ವರ್ಷ. ರಜೆ ಮುಗಿದು ಅವಳು ಕೆಲಸಕ್ಕೆ ಹೊರಡಬೇಕು. ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಒಂದು ಡೇಕೇರ್ ಇದೆ, ನೋಡಿಕೊಂಡು ಬರೋಣ ಬಾ ಅಣ್ಣ ಎಂದಳು. ಹೋದೆವು.

ಬಾಗಿಲು ತೆರೆಯಲು ನಾಲ್ಕು ನಿಮಿಷ ಹಿಡಿಯಿತು. ಮೊದಲು ಕೆಳಗಿನ ಚಿಲಕ ಸರಿದ ಸದ್ದು. ಆಮೇಲೆ ಮೇಲಿನ ಚಿಲಕ, ಆಮೇಲೆ ಚೈನು. ಕೊನೆಗೆ ಗ್ರಿಲ್ ಗೇಟಿನ ಬೀಗ. ಬೀಗದ ಕೈ ಎಲ್ಲಿಟ್ಟಿದ್ದಾರೆಂದು ಒಳಗೆ ಹುಡುಕುವುದು ನಮಗೆ ಹೊರಗೇ ಕೇಳಿಸುತ್ತಿತ್ತು. "ಸಾರಿ ಸರ್, ಕೀ ಮೇಲಿಟ್ಟಿರ್ತೀವಿ, ಮಕ್ಕಳ ಕೈಗೆ ಸಿಗಬಾರದು ಅಲ್ವಾ" ಎಂದರು ಡೇಕೇರ್ ನಡೆಸುವ ಮೇಡಂ. "ನಮ್ಮಲ್ಲಿ ಸೇಫ್ಟಿ ಫಸ್ಟು. ಒಂದು ಮಗೂನೂ ಇಲ್ಲಿಂದ ಹೊರಗೆ ಹೋಗೋಕಾಗಲ್ಲ."

ತಂಗಿಗೆ ಖುಷಿಯಾಯಿತು. ನನಗೆ ಗಡಿಯಾರ ನೋಡಿಕೊಳ್ಳುವ ಕೆಟ್ಟ ಚಟ.

ಒಳಗೆ ಎಂಟು ಮಕ್ಕಳು. ಅವರಲ್ಲಿ ಮೂವರಿಗೆ ಇನ್ನೂ ನಡಿಗೆ ಬಂದಿಲ್ಲ. ನೋಡಿಕೊಳ್ಳುವವರು ಮೇಡಂ ಒಬ್ಬರೇ, ಕೈ ಎರಡೇ. ಗೋಡೆಯ ಮೇಲೆ ಪರವಾನಗಿ, ಫ್ರೇಮ್ ಹಾಕಿಸಿ, ಗಾಜು ಒರೆಸಿ ಇಟ್ಟಿದ್ದರು. ಅದರ ಪಕ್ಕದಲ್ಲಿ ಕ್ಯಾಮೆರಾ. ತಂದೆತಾಯಿ ಆಫೀಸಿನಲ್ಲಿ ಕೂತೇ ಮಗುವನ್ನು ಫೋನಿನಲ್ಲಿ ನೋಡಬಹುದಂತೆ. ಚಿತ್ರ ಎಷ್ಟು ಸ್ಪಷ್ಟ ಎಂದರೆ ಮಗುವಿನ ಮೂಗಿನ ಸಿಂಬಳವೂ ಕಾಣುತ್ತದಂತೆ. ನಾಳೆ ಇಲ್ಲಿ ಬೆಂಕಿ ಬಿದ್ದರೆ ಅದೂ ಅಷ್ಟೇ ಚೆನ್ನಾಗಿ ಕಾಣುತ್ತದೆ ಎಂದು ಅನ್ನಿಸಿತು. ಹೇಳಲಿಲ್ಲ. ಮೊದಲ ಭೇಟಿಯಲ್ಲೇ ಅಪಶಕುನ ನುಡಿಯಬಾರದು ನೋಡಿ. ಬೆಂಕಿ ಎಂಬ ಮಾತು ಎತ್ತಿದರೆ "ಬಿಡ್ತು ಅನ್ನಿ" ಎನ್ನುತ್ತೇವೆ. ನಮ್ಮ ಅಗ್ನಿ ಸುರಕ್ಷತೆಯಲ್ಲಿ ಸದ್ಯಕ್ಕೆ ಚೆನ್ನಾಗಿ ಕೆಲಸ ಮಾಡುತ್ತಿರುವುದು ಈ ಎರಡು ಪದಗಳು ಮಾತ್ರ.

"ಬೆಂಕಿ ಆರಿಸೋ ಸಿಲಿಂಡರ್ ಇದೆಯಾ ಮೇಡಂ?" ಎಂದೆ, ಆದಷ್ಟು ಹಗುರವಾಗಿ.

"ಅಯ್ಯೋ, ಇಲ್ಲದೆ ಇರುತ್ತಾ ಸರ್!" ಎಂದು ಅಟ್ಟದ ಕಡೆ ಕೈ ತೋರಿಸಿದರು. ಹಳೆಯ ಸೂಟ್‌ಕೇಸು, ಮಡಚಿಟ್ಟ ತೊಟ್ಟಿಲು, ಅದರ ಹಿಂದೆ ಕೆಂಪಗೆ ಒಂದು ಮೂತಿ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಮಕ್ಕಳು ಪಿನ್ ಎಳೆದುಬಿಟ್ಟರೆ ಎಂದು ಪಿನ್ನಿಗೆ ತಂತಿ ಸುತ್ತಿದ್ದರು. ನಾನು ಸ್ಟೂಲ್ ಹತ್ತಿ ನೋಡಿದೆ. ಒತ್ತಡ ತೋರಿಸುವ ಮುಳ್ಳು ಕೆಂಪಿನಲ್ಲಿ ಇತ್ತು.

"ಮೇಡಂ, ಮುಳ್ಳು ಹಸಿರಲ್ಲಿರಬೇಕು."

"ಕೆಂಪು ಅಂದ್ರೆ ಬೆಂಕಿಗೆ ಅಂತ ಅಲ್ವಾ ಸರ್?"

ಕೆಂಪು ಎಂದರೆ ಒಳಗೆ ಒತ್ತಡ ಇಲ್ಲ, ಅದು ಸುಮ್ನೆ ಒಂದು ಡಬ್ಬ ಎಂದು ಹೇಳಿದೆ. ಒತ್ತಡ ಇದ್ದಾಗಲೂ ಮನೆಗಳಲ್ಲಿಡುವ ಸಣ್ಣ ಸಿಲಿಂಡರ್ ಚಿಮ್ಮುವುದು ಹತ್ತು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಪಿನ್ ಎಳೆದು, ಬೆಂಕಿಯ ತುದಿಗಲ್ಲ ಬುಡಕ್ಕೆ ಗುರಿ ಹಿಡಿದು, ಹಿಡಿಕೆ ಒತ್ತಿ, ಈ ಕಡೆಯಿಂದ ಆ ಕಡೆಗೆ ಆಡಿಸಬೇಕು. ಸ್ಟೂಲ್ ತಂದು, ತೊಟ್ಟಿಲು ಸರಿಸಿ, ಕವರ್ ಹರಿದು, ತಂತಿ ಬಿಚ್ಚುವ ಸಮಯ ಬೇರೆ. ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಹಿಂದಿನವರನ್ನು ಆಡಿಕೊಳ್ಳುತ್ತೇವೆ. ಪಾಪ, ಅವರು ತೋಡಲಾದರೂ ತೋಡಿದರು. ನಾವು ಬಾವಿ ತೋಡಿಸಿ ಅಟ್ಟದ ಮೇಲಿಟ್ಟಿದ್ದೇವೆ.

ಇನ್‌ಸ್ಪೆಕ್ಷನ್‌ಗೆ ಬಂದವರು ಏನೂ ಹೇಳಲಿಲ್ಲವೇ ಎಂದರೆ, ಬಂದಿದ್ದರಂತೆ. ಬರುವ ದಿನ ಮೊದಲೇ ಫೋನ್ ಮಾಡಿ ತಿಳಿಸಿ, ಹೇಳಿದ ಹೊತ್ತಿಗೆ ಸರಿಯಾಗಿ. ಅವರ ಫಾರ್ಮಿನಲ್ಲಿ 'ಬೆಂಕಿ ನಂದಿಸುವ ಸಾಧನ ಇದೆಯೇ' ಎಂದಿದೆ, ಎದುರಿಗೆ ಹೌದು, ಇಲ್ಲ ಎಂಬ ಎರಡು ಚೌಕ. 'ಇದೆ, ಆದರೆ ಅಟ್ಟದ ಮೇಲೆ, ಸತ್ತಿದೆ' ಎನ್ನಲು ಮೂರನೇ ಚೌಕ ಇಲ್ಲ. 'ಎರಡನೇ ಬಾಗಿಲು ಇದೆಯೇ' ಎಂಬುದಕ್ಕೂ ಹೌದು ಎಂದು ಟಿಕ್ ಬಿದ್ದಿದೆ. ಎಲ್ಲಿದೆ ಎಂದು ಕೇಳಿದೆ.

"ಆಟದ ಸಾಮಾನಿನ ಕಪಾಟಿನ ಹಿಂದೆ ಸರ್."

ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಕಪಾಟು. ಮಕ್ಕಳ ಮೇಲೆ ಬೀಳಬಾರದಲ್ಲ, ಅದೂ ಸೇಫ್ಟಿಗೇ.

ಆಮೇಲೆ ಡ್ರಿಲ್ಲಿನ ಪುಸ್ತಕ ತಂದು ತೋರಿಸಿದರು. ಬೆಂಕಿ ಬಿದ್ದರೆ ಹೊರಗೆ ಓಡುವ ಅಭ್ಯಾಸ, ತಿಂಗಳಿಗೊಮ್ಮೆ. ಎಲ್ಲ ತಿಂಗಳೂ ಒಂದೇ ಇಂಕು, ಒಂದೇ ಕೈಬರಹ, ಎಲ್ಲಕ್ಕೂ ಎರಡೇ ನಿಮಿಷ. ಬರುವ ಎರಡು ತಿಂಗಳ ಡ್ರಿಲ್ಲೂ ಯಶಸ್ವಿಯಾಗಿ ಮುಗಿದಿತ್ತು. ಬಾಗಿಲು ತೆರೆಯಲು ನಾಲ್ಕು ನಿಮಿಷ ಬೇಕಾದ ಮನೆಯಿಂದ ಎಂಟು ಮಕ್ಕಳು ಎರಡು ನಿಮಿಷದಲ್ಲಿ ಹೊರಗೆ ಬಂದದ್ದು ಹೇಗೆ ಎಂಬುದನ್ನು ಸಿಹಿ ಮಾತಿನಲ್ಲಿ ಕೇಳಲು ನೋಡಿದೆ. "ರಿಯಲ್ಲಾಗಿ ಮಾಡಿದ್ರೆ ಮಕ್ಕಳು ಹೆದರ್ತಾವೆ ಸರ್. ನಿದ್ದೆ ಹೊತ್ತಲ್ಲಿ ಎಬ್ಬಿಸಿದ್ರೆ ಮತ್ತೆ ಮಲಗಲ್ಲ" ಎಂದರು.

ಮಲಗಿದ ಮಕ್ಕಳ ವಿಷಯ ಅವರೇ ತೆಗೆದದ್ದು ಒಳ್ಳೆಯದಾಯಿತು. ದೊಡ್ಡವರು ಬೆಚ್ಚಿ ಏಳುವ ಅಲಾರಂ ಸದ್ದಿಗೆ ಗಾಢ ನಿದ್ದೆಯಲ್ಲಿರುವ ಮಕ್ಕಳು ಎಷ್ಟೋ ಸಲ ಏಳುವುದೇ ಇಲ್ಲ. ಎದ್ದ ಪುಟಾಣಿಗಳು ಹೊಗೆ ಕಂಡರೆ ಬಾಗಿಲ ಕಡೆ ಓಡುವ ಬದಲು ಮಂಚದ ಕೆಳಗೋ ಬಟ್ಟೆಯ ರಾಶಿಯಲ್ಲೋ ಅಡಗಿಕೊಳ್ಳಬಹುದು. ಹಾಗಾಗಿಯೇ ಹೊರಗೆ ಓಡುವಾಗ ಹಾಜರಿ ಪುಸ್ತಕ ಕೈಯಲ್ಲಿರಬೇಕು, ಹೊರಗೆ ಸೇರುವ ಜಾಗ ಒಂದೇ ಇರಬೇಕು, ಅಲ್ಲಿ ತಲೆ ಎಣಿಸಬೇಕು. ಹೊಗೆ ಮೇಲೇರುತ್ತದೆ, ಆದ್ದರಿಂದ ನೆಲಕ್ಕೆ ಬಗ್ಗಿ ತೆವಳಬೇಕು ಎನ್ನುತ್ತಾರೆ. ಆ ಮನೆಯಲ್ಲಿ ತೆವಳುವ ಅಭ್ಯಾಸ ಚೆನ್ನಾಗಿ ಇದ್ದದ್ದು ಎಂಟು ತಿಂಗಳ ಒಂದು ಕೂಸಿಗೆ ಮಾತ್ರ. ಅದೂ ಹೋಗಬಾರದೆಂದು ಬಾಗಿಲಿಗೆ ಅಡ್ಡ ಮರದ ಗೇಟು.

ನಾಲ್ಕು ನಿಮಿಷ ಏನು ಮಹಾ ಎನ್ನಬೇಡಿ. ಅಮೆರಿಕದ ಯುಎಲ್ ಪ್ರಯೋಗಾಲಯದವರು ಎರಡು ಕೋಣೆ ಸಜ್ಜು ಮಾಡಿ ಬೆಂಕಿ ಹಚ್ಚಿ ನೋಡಿದ್ದರು. ಮರ, ಹತ್ತಿಯ ಹಳೇ ಕಾಲದ ಸಾಮಾನಿದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಅರ್ಧ ಗಂಟೆಯ ಹತ್ತಿರ ಹಿಡಿಯಿತು. ಫೋಮು, ಪಾಲಿಯೆಸ್ಟರ್ ತುಂಬಿದ ಈ ಕಾಲದ ಕೋಣೆ ನಾಲ್ಕು ನಿಮಿಷದ ಒಳಗೇ ಹೊತ್ತಿಕೊಂಡಿತು. ಮಕ್ಕಳ ಕೋಣೆಯಲ್ಲಿ ಏನಿರುತ್ತದೆ? ಫೋಮಿನ ಚಾಪೆ, ಫೋಮಿನ ಹಾಸಿಗೆ, ಪಾಲಿಯೆಸ್ಟರ್ ಕರಡಿ.

ಆ ಫೋಮಿನ ಚಾಪೆಯ ಕೆಳಗೇ ವೈರ್ ಹೋಗಿತ್ತು. ಒಂದು ಪ್ಲಗ್ಗಿಗೆ ಎಕ್ಸ್‌ಟೆನ್ಶನ್ ಬಾಕ್ಸ್, ಅದಕ್ಕೆ ಇನ್ನೊಂದು ಬಾಕ್ಸ್, ಅದರಲ್ಲಿ ಫ್ರಿಜ್ಜು, ರೂಮ್ ಹೀಟರು, ಹಾಲಿನ ಬಾಟಲಿ ಬಿಸಿ ಮಾಡುವ ಯಂತ್ರ. ಮುಟ್ಟಿ ನೋಡಿದೆ, ಬೆಚ್ಚಗಿತ್ತು. ವೈರನ್ನು ಚಾಪೆಯ ಅಡಿಗೆ ಯಾಕೆ ಹಾಕಿದ್ದಾರೆ ಎಂದು ನಾನು ಕೇಳಲಿಲ್ಲ. ಉತ್ತರ ಗೊತ್ತಿತ್ತು.

ಅಡುಗೆಮನೆಯಲ್ಲಿ ಮೇಡಂ ಜಂಬದಿಂದ ಬಕೆಟ್ ತೋರಿಸಿದರು. ಒಲೆಯ ಪಕ್ಕದಲ್ಲೇ ಸದಾ ಒಂದು ಬಕೆಟ್ ನೀರು, ಎಣ್ಣೆ ಹೊತ್ತಿಕೊಂಡರೆ ಎಂದು. ಇಡೀ ಮನೆಯಲ್ಲಿ ಕೈಗೆ ಸಿಗುವಂತೆ ಇಟ್ಟಿದ್ದ ಸಾಧನ ಅದೊಂದೇ, ಮುಟ್ಟಬಾರದ್ದೂ ಅದೊಂದೇ. ಉರಿಯುವ ಎಣ್ಣೆಗೆ ನೀರು ಬಿದ್ದರೆ ಅದು ತಳಕ್ಕಿಳಿದು ಒಮ್ಮೆಗೇ ಆವಿಯಾಗುತ್ತದೆ. ಆವಿ ಎಂದರೆ ನೀರಿನ ಸುಮಾರು 1,700 ಪಟ್ಟು ಜಾಗ. ಉರಿವ ಎಣ್ಣೆ ಅದರ ಜೊತೆ ಸೂರಿಗೆ ಹಾರುತ್ತದೆ. ಬಾಣಲೆಗೆ ತಟ್ಟೆ ಮುಚ್ಚಿ ಒಲೆ ಆರಿಸಿದರೆ ಸಾಕು ಎಂದೆ. "ಅಷ್ಟೇನಾ?" ಎಂದರು, ಸ್ವಲ್ಪ ನಿರಾಸೆಯಿಂದ. ಗ್ಯಾಸಿನ ವಿಷಯವನ್ನೂ ಹೇಳಿದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಹರಡುತ್ತದೆ, ಮೊದಲು ತಲುಪುವುದು ಅಂಬೆಗಾಲಿಡುವವರನ್ನೇ. ಇಷ್ಟು ಹೊತ್ತಿಗೆ ತಂಗಿ ನನ್ನ ಅಂಗಿ ಜಗ್ಗತೊಡಗಿದ್ದಳು.

ಆಡಿಕೊಳ್ಳುವುದನ್ನು ಇಲ್ಲಿ ಒಂದು ಗಳಿಗೆ ನಿಲ್ಲಿಸುತ್ತೇನೆ. 2011ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಒಂದು ಮನೆ ಡೇಕೇರಿನಲ್ಲಿ ಒಲೆ ಉರಿಯುತ್ತಿತ್ತು, ಮೇಲೆ ಎಣ್ಣೆಯಿತ್ತು. ನೋಡಿಕೊಳ್ಳುವವರು ಮಕ್ಕಳನ್ನಷ್ಟೇ ಬಿಟ್ಟು ಅಂಗಡಿಗೆ ಹೋಗಿದ್ದರು. 4 ಮಕ್ಕಳು ತೀರಿಹೋದರು. 2019ರಲ್ಲಿ ಪೆನ್ಸಿಲ್ವೇನಿಯಾದ ಈರಿಯಲ್ಲಿ ಇಂಥದ್ದೇ ಇನ್ನೊಂದು ಮನೆಗೆ ಬೆಂಕಿ ಬಿದ್ದು 5 ಮಕ್ಕಳು ಹೋದರು. ಆ ಮನೆಯಲ್ಲಿ ಹೊಗೆ ಅಲಾರಂ ಇತ್ತು. ಒಂದೇ ಒಂದು, ಅಟ್ಟದಲ್ಲಿ.

ಮಕ್ಕಳು ಮಲಗುವ ಪ್ರತಿ ಕೋಣೆಯಲ್ಲೂ, ಅದರ ಹೊರಗೂ, ಪ್ರತಿ ಮಹಡಿಯಲ್ಲೂ ಅಲಾರಂ ಬೇಕು. ತಿಂಗಳಿಗೊಮ್ಮೆ ಗುಂಡಿ ಒತ್ತಿ ಕೇಳಬೇಕು, ಹತ್ತು ವರ್ಷಕ್ಕೆ ಪೂರಾ ಬದಲಿಸಬೇಕು. ಈ ಮನೆಯ ಅಲಾರಂ ಸರಿಯಾದ ಜಾಗದಲ್ಲೇ ಇತ್ತು, ಮಲಗುವ ಕೋಣೆಯ ಸೂರಿನಲ್ಲಿ. ಅಬ್ಬಾ, ಒಂದಾದರೂ ಸರಿಯಿದೆ ಎಂದು ಪೊರಕೆಯ ಹಿಡಿಯಿಂದ ಗುಂಡಿ ಒತ್ತಿದೆ. ಸದ್ದಿಲ್ಲ.

"ಸೆಲ್ ತೆಗೆದಿದ್ದೀವಿ ಸರ್. ಒಗ್ಗರಣೆ ಹಾಕಿದ್ರೂ ಕೂಗಿಕೊಳ್ಳುತ್ತೆ, ಮಕ್ಕಳು ಎದ್ದುಬಿಡ್ತಾವೆ. ವೇಸ್ಟ್ ಮಾಡಿಲ್ಲ, ಪೆನ್ಸಿಲ್ ಸೆಲ್ಲು, ಆಟದ ಸಾಮಾನಿಗೆ ಹಾಕಿದ್ದೀವಿ."

ಅಷ್ಟರಲ್ಲಿ ನಡುಮನೆಯಲ್ಲಿ ಸೈರನ್ ಕೂಗಿತು. ಕೆಂಪು ದೀಪ ಮಿಣುಕಿಸುತ್ತಾ, ಏಣಿ ಎತ್ತಿಕೊಂಡು, ಅಂಗೈಯಷ್ಟು ದೊಡ್ಡ ಫೈರ್ ಇಂಜಿನ್ ಒಂದು ನೆಲದ ಮೇಲೆ ಓಡಿ ಬಂತು. ಎಂಟೂ ಮಕ್ಕಳು ಕೇಕೆ ಹಾಕಿದರು. ಅದು ಚಾಪೆ ದಾಟಿ, ಮಂಚದ ಕಾಲು ಬಳಸಿ, ಸೀದಾ ಹೋಗಿ ಆಟದ ಸಾಮಾನಿನ ಕಪಾಟಿಗೆ ಗುದ್ದಿತು. ಹಿಂದೆ ಸರಿದು ಮತ್ತೆ ಗುದ್ದಿತು. ನಾವು ಚಪ್ಪಲಿ ಹಾಕಿಕೊಂಡು, ಬೀಗದ ಕೈ ಸಿಗುವುದನ್ನು ಕಾಯುತ್ತಾ ನಿಂತಿದ್ದಾಗಲೂ ಅದು ಗುದ್ದುತ್ತಲೇ ಇತ್ತು.