ಕಾನ್ಸೆಪ್ಟ್ ಕಾರು ಚೆನ್ನಾಗಿದೆ, ಸ್ಪೇರ್ ಪಾರ್ಟ್ ಮಾತೂ ಆಡೋಣ

2023ರಲ್ಲಿ ಮರ್ಸಿಡಿಸ್ ಕಂಪನಿ ವಿಷನ್ ಒನ್-ಇಲೆವೆನ್ ಅನ್ನೋ ಕಾನ್ಸೆಪ್ಟ್ ಕಾರು (ಮಾರೋಕಲ್ಲ, ಹೊಸ ಐಡಿಯಾ ತೋರಿಸೋಕೆ ಮಾಡಿದ ಕಾರು) ತೋರಿಸಿದಾಗ, ಕಾರಿನ ಹುಚ್ಚಿರುವವರೆಲ್ಲ ಆ ಕಿತ್ತಳೆ ಬಣ್ಣದ ಫೋಟೊ ಹಂಚಿದ್ದೇ ಹಂಚಿದ್ದು. ನನಗೂ ಇಷ್ಟವಾಯಿತು. ಆದರೆ ಆ ಕಂಪನಿ ಮೇಲೆ ನನಗೆ ನಿಜವಾದ ಗೌರವ ಹುಟ್ಟಿಸಿದ್ದು ಒಂದು ಸಣ್ಣ ರೋಲರ್. ಮರ್ಸಿಡಿಸ್‌ನದೇ ಹಳೇ ಡಬ್ಲ್ಯು123 ಕಾರಿನ ಸನ್‌ರೂಫ್ ಸಲೀಸಾಗಿ ಜಾರಲು ಬೇಕಾದದ್ದು, ಅಷ್ಟೇ. ಆ ಕಾರಿನ ತಯಾರಿಕೆ 1986ರಲ್ಲೇ ನಿಂತುಹೋಯಿತು. ಆದರೂ ಆ ರೋಲರನ್ನು ತ್ರೀಡಿ ಪ್ರಿಂಟ್ ಮಾಡಿ ಕೊಡುವ ವ್ಯವಸ್ಥೆಯನ್ನು ಕಂಪನಿಯೇ ಮಾಡಿತು. ಹಳೇ ಗಾಡಿಯ ಒಂದು ಪಾರ್ಟ್‌ಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು, "ಅದು ಬರೋದು ನಿಂತೋಯ್ತು ಸಾರ್" ಅಂತ ಕೇಳಿಸಿಕೊಂಡವರಿಗೆ ಇದರ ಬೆಲೆ ಗೊತ್ತು.

ಕಾನ್ಸೆಪ್ಟ್ ಕಾರುಗಳು ಬೇಡ ಅಂತಲ್ಲ. ಒನ್-ಇಲೆವೆನ್‌ಗೆ ಸ್ಫೂರ್ತಿಯಾದ ಸಿ111 ಕಥೆ ನೋಡಿ. 1969ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋಗೆ ಬಂತು. ಮೇಲಕ್ಕೆ ತೆರೆಯುವ ಬಾಗಿಲು, ಪಿಸ್ಟನ್ನೇ ಇಲ್ಲದ ವಾಂಕೆಲ್ ಎಂಜಿನ್. ದುಡ್ಡಿದ್ದವರು ಖಾಲಿ ಚೆಕ್ ಕಳಿಸಿದರು ಅಂತ ಹೇಳುತ್ತಾರೆ. ಕಂಪನಿ ಮಾರಲಿಲ್ಲ. ವಾಂಕೆಲ್ ಎಂಜಿನ್ ಪೆಟ್ರೋಲ್ ಕುಡಿಯೋದು ಜಾಸ್ತಿ, ಹೊಗೆಯ ಸಮಸ್ಯೆ ಬೇರೆ. ಹಾಗಂತ ಕಾರನ್ನು ಮೂಲೆಗೆ ತಳ್ಳಲೂ ಇಲ್ಲ. ಐದು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್ ಕೂರಿಸಿ, 1976ರಲ್ಲಿ ಇಟಲಿಯ ನಾರ್ಡೊ ಟ್ರ್ಯಾಕ್‌ನಲ್ಲಿ ಗಂಟೆಗೆ ಸರಾಸರಿ 250 ಕಿ.ಮೀ. ದಾಟಿಸಿ ದಾಖಲೆ ಮೇಲೆ ದಾಖಲೆ ಮಾಡಿದರು. ಡೀಸೆಲ್ ಅಂದರೆ ಟ್ಯಾಕ್ಸಿಗೆ, ಲಾರಿಗೆ ಅನ್ನುವ ಕಾಲ ಅದು. ಎರಡೇ ವರ್ಷದಲ್ಲಿ ಅದೇ ಜಾತಿಯ ಎಂಜಿನ್ 300 ಎಸ್‌ಡಿ ಕಾರಿನಲ್ಲಿ ಗ್ರಾಹಕರ ಕೈಗೆ ಬಂತು. ಕಾನ್ಸೆಪ್ಟ್ ಕಾರು ಅಂದರೆ ಹೀಗಿರಬೇಕು. ವೇದಿಕೆ ಮೇಲೆ ತಿರುಗಿದರೆ ಸಾಲದು, ರಸ್ತೆಗಿಳಿದು ಏನಾದರೂ ಕಲಿಸಬೇಕು. 2022ರಲ್ಲಿ ವಿಷನ್ ಇಕ್ಯೂಎಕ್ಸ್‌ಎಕ್ಸ್ ಅನ್ನೋ ಎಲೆಕ್ಟ್ರಿಕ್ ಕಾನ್ಸೆಪ್ಟ್ ಕಾರು ಒಂದೇ ಚಾರ್ಜ್‌ನಲ್ಲಿ ಜರ್ಮನಿಯಿಂದ ಫ್ರಾನ್ಸಿನ ದಕ್ಷಿಣ ಕರಾವಳಿವರೆಗೆ 1000 ಕಿ.ಮೀ.ಗೂ ಜಾಸ್ತಿ ಓಡಿತಲ್ಲ, ಅದಕ್ಕೂ ನನ್ನ ಚಪ್ಪಾಳೆ ಇದೆ.

ಇನ್ನು ಸರ್ವಿಸ್. ಸ್ಟುಟ್‌ಗಾರ್ಟ್ ಪಕ್ಕದ ಫೆಲ್‌ಬಾಖ್‌ನಲ್ಲಿ 1993ರಿಂದ ಕಂಪನಿಯದೇ ಕ್ಲಾಸಿಕ್ ಸೆಂಟರ್ ಇದೆ. ಹಳೇ ಕಾರುಗಳ ರಿಪೇರಿ, ಪೂರ್ತಿ ರೆಸ್ಟೊರೇಶನ್ ಎಲ್ಲ ಅಲ್ಲಿ ಆಗುತ್ತದೆ. ಅಲ್ಲಿ ಎಂಥ ತಿಳಿವಳಿಕೆ ಬೇಕು ಗೊತ್ತಾ? 1954ರ 300 ಎಸ್‌ಎಲ್ ಗಲ್‌ವಿಂಗ್ ತಗೊಳ್ಳಿ. ಅದರಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಚಿಮ್ಮುತ್ತದೆ, ಚಿಮ್ಮಿಸೋದು ಮೆಕ್ಯಾನಿಕಲ್ ಪಂಪ್. ಕೀ ತಿರುಗಿಸಿ ಆಫ್ ಮಾಡಿದರೂ ಎಂಜಿನ್ ಪೂರ್ತಿ ನಿಲ್ಲುವವರೆಗೆ ಪಂಪ್ ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ. ಉರಿಯದ ಆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ, ಎಂಜಿನ್ ಆಯಿಲ್ ತೆಳ್ಳಗಾಗುತ್ತದೆ. ಅದಕ್ಕೇ ಆ ಕಾರಿಗೆ ಪದೇ ಪದೇ ಆಯಿಲ್ ಬದಲಾಯಿಸಬೇಕು. ಇಂಥದ್ದನ್ನು ಕೈಯಿಂದ ಕೈಗೆ ದಾಟಿಸುವ ಮೆಕ್ಯಾನಿಕ್‌ಗಳನ್ನು ಸಾಕೋದು ದೊಡ್ಡ ಕೆಲಸ. ಬಿಲ್ ಕೂಡ ದೊಡ್ಡದೇ ಬರುತ್ತದೆ, ಒಪ್ಪುತ್ತೇನೆ. ಆದರೆ ದುಡ್ಡು ಕೊಟ್ಟರೂ ಸಿಗದೇ ಇರೋದಕ್ಕಿಂತ ಅದು ಎಷ್ಟೋ ವಾಸಿ.

ಕಾರು ಓಡಬೇಕು, ಅದಕ್ಕೇ ತಾನೇ ಇಷ್ಟೆಲ್ಲ? ಇಟಲಿಯ ಮಿಲ್ಲೆ ಮಿಲಿಯಾ ಅನ್ನೋ ಹಳೇ ಕಾರುಗಳ ಓಟ ನನಗೆ ಇಷ್ಟ ಆಗೋದು ಇದಕ್ಕೇ. ಬ್ರೆಷಾದಿಂದ ರೋಮ್‌ಗೆ ಹೋಗಿ ವಾಪಸ್, ಸುಮಾರು 1000 ಮೈಲಿ. 1955ರಲ್ಲಿ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ 722 ನಂಬರಿನ ಮರ್ಸಿಡಿಸ್ 300 ಎಸ್‌ಎಲ್‌ಆರ್ ರೇಸ್ ಕಾರಿನಲ್ಲಿ 10 ಗಂಟೆ 7 ನಿಮಿಷದಲ್ಲಿ ಮುಗಿಸಿದ ದಾರಿ. ಈಗ ಅದು ವೇಗದ ರೇಸ್ ಅಲ್ಲ. ಆ ಕಾಲದ ಕಾರುಗಳು ಊರೂರು ದಾಟಿ, ಮಳೆಯಲ್ಲಿ ನೆಂದು, ಜನರ ಮಧ್ಯೆ ಹಾದು ಹೋಗುತ್ತವೆ.

ಹೊಸ ಕಾರಿನ ಪರೀಕ್ಷೆ, ರಿಪೇರಿ, ದೂರದ ಓಟ, ಈ ಮೂರನ್ನೂ ಒಟ್ಟಿಗೆ ಮೊದಲು ಮಾಡಿದ್ದು ಒಬ್ಬ ಹೆಂಗಸು ಅನ್ನೋದನ್ನ ಮರೆಯಬಾರದು. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್, ಕಾರು ಕಂಡುಹಿಡಿದ ಕಾರ್ಲ್ ಬೆಂಜ್ ಅವರ ಹೆಂಡತಿ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಯಾರೂ ನಂಬದಿದ್ದ ಆ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ದಾರಿಯಲ್ಲಿ ಇಂಧನ ಖಾಲಿ. ವೀಸ್ಲೋಖ್‌ನ ಔಷಧಿ ಅಂಗಡಿಯಲ್ಲಿ ಲಿಗ್ರೊಯಿನ್ ಅನ್ನೋ ಪೆಟ್ರೋಲಿನಂಥ ದ್ರವ ಕೊಂಡರು. ಕಟ್ಟಿಕೊಂಡ ಪೈಪನ್ನು ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಸವೆದ ಬ್ರೇಕಿಗೆ ಚಮ್ಮಾರರ ಹತ್ತಿರ ತೊಗಲು ಹೊಡೆಸಿದರು. ಆ ದಾರಿ ಇವತ್ತು ಅವರ ಹೆಸರಿನ ಪ್ರವಾಸಿ ಮಾರ್ಗ.

ನನ್ನ ಚಿಂತೆ ಇರೋದು ಇವತ್ತಿನ ಕಾರುಗಳ ಬಗ್ಗೆ. ಮರ್ಸಿಡಿಸ್‌ನ ಎಲೆಕ್ಟ್ರಿಕ್ ಕಾರು ಇಕ್ಯೂಎಸ್‌ನ ಡ್ಯಾಶ್‌ಬೋರ್ಡಿನಲ್ಲಿ ಈ ತುದಿಯಿಂದ ಆ ತುದಿಗೆ 141 ಸೆಂ.ಮೀ. ಅಗಲದ ಗಾಜು, ಅದರ ಹಿಂದೆ ಸ್ಕ್ರೀನ್‌ಗಳು, ಅದರ ಹಿಂದೆ ಸಾಫ್ಟ್‌ವೇರ್. 40 ವರ್ಷ ಆದ ಮೇಲೆ ಆ ಸ್ಕ್ರೀನ್ ಕೆಟ್ಟರೆ? ಬ್ಯಾಟರಿ? ತೊಗಲು ಹೊಡೆಸಿದ ಹಾಗೆ ಹೊರಗೆ ಎಲ್ಲೋ ಮಾಡಿಸಲು ಆಗಲ್ಲ. ಸಾಫ್ಟ್‌ವೇರಿನ ಬೀಗ ಕಂಪನಿ ಕೈಯಲ್ಲೇ ಇರುತ್ತದೆ. ಈ ಕಂಪನಿಯ ದೊಡ್ಡ ಸಂಶೋಧನಾ ಕೇಂದ್ರವೊಂದು 1996ರಿಂದ ನಮ್ಮ ಬೆಂಗಳೂರಿನಲ್ಲೇ ಇದೆ. ಅಲ್ಲಿ ಕೆಲಸ ಮಾಡುವ ಕನ್ನಡಿಗರು ಈ ಬರಹ ನೋಡಿದರೆ ದಯವಿಟ್ಟು ಈ ಮಾತನ್ನು ನಿಮ್ಮ ಮೀಟಿಂಗ್‌ಗಳಲ್ಲಿ ಎತ್ತಿ. ಇಷ್ಟು ವರ್ಷ ಸಾಫ್ಟ್‌ವೇರ್, ಸ್ಕ್ರೀನ್, ಬ್ಯಾಟರಿ ಸಿಗುತ್ತದೆ, ಆಮೇಲೆ ಹೊರಗಿನ ಮೆಕ್ಯಾನಿಕ್‌ಗೂ ಬೀಗ ತೆರೆದು ಕೊಡುತ್ತೇವೆ ಅಂತ ಕಂಪನಿ ಮಾರುವ ದಿನವೇ ಬರೆದು ಕೊಡಲಿ.