ಮೂರನೆಯ ಸುತ್ತಿನ ಕಾಫಿ

ಹೊರದೇಶದಲ್ಲಿ ಪಾಠ ಹೇಳುವವರು ತಮ್ಮವರ ಗುಂಪಿನಲ್ಲೇ ಉಳಿದುಬಿಡುತ್ತಾರೆ ಎಂದು ಲೇಖಕರೊಬ್ಬರು ಬರೆದಿರುವುದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ದಾವಣಗೆರೆಯಿಂದ ಇಥಿಯೋಪಿಯಾಕ್ಕೆ ಹೋಗಿ ಗಣಿತ ಕಲಿಸುತ್ತಿದ್ದ ಹೊಸತರಲ್ಲಿ, ಅಲ್ಲಿನವರು ಗಂಟೆಯನ್ನು ಬೆಳಗಾದಲ್ಲಿಂದ ಎಣಿಸುತ್ತಾರೆಂಬುದು ತಿಳಿಯದೆ, ‘2 ಗಂಟೆಗೆ ಬನ್ನಿ’ ಎಂದಿದ್ದ ಸಹೋದ್ಯೋಗಿಯ ಮನೆಗೆ ಬೆಳಿಗ್ಗೆ 8ರ ಬದಲು ಮಧ್ಯಾಹ್ನ ಹೋಗಿ ನಿಂತಿದ್ದೆ. ಆಕೆ ನಕ್ಕು ಒಳಗೆ ಕರೆದು, ಹಸಿ ಕಾಫಿ ಬೀಜವನ್ನು ನನ್ನೆದುರೇ ಹುರಿದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸಿಕೊಟ್ಟರು. ಮೊದಲ ಸುತ್ತಿಗೇ ಎದ್ದು ಹೊರಡುವುದು ಸಲ್ಲದು. ಮೂರನೆಯದು ‘ಬೆರೆಕಾ’, ಅಂದರೆ ಆಶೀರ್ವಾದ. ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರೂ ಬಂದು ಕುಳಿತಿದ್ದರು. ಅಲ್ಲಿನವರ ದಿನನಿತ್ಯದ ರೊಟ್ಟಿಯಾದ ಇಂಜೆರಾ ಮಾತ್ರ, ನೋಡಲು ದೋಸೆಯಂತಿದ್ದರೂ, ಅದರ ಹುಳಿಗೆ ಒಗ್ಗಿಕೊಳ್ಳಲು (ಬೆಣ್ಣೆ ದೋಸೆಯ ಊರಿನವನಲ್ಲವೇ!) ನನಗೆ ತಿಂಗಳುಗಳೇ ಹಿಡಿದವು.