ಹಾರ್ಟ್ ಮ್ಯಾಪಿಂಗ್ ಮೆಸೇಜ್ ಬಗ್ಗೆ ಒಂದು ಸ್ಪಷ್ಟನೆ

ಹಾಸನದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಬಡ್ಕೊಳ್ಳೋ ಕಾಯಿಲೆ) ಇರೋರಿಗೆ ಕಂಪ್ಯೂಟರ್ ಮ್ಯಾಪಿಂಗ್, ಅಂದ್ರೆ ಹೃದಯದೊಳಗಿನ ಕರೆಂಟ್ ಸಿಗ್ನಲ್‌ಗಳ ನಕ್ಷೆ, ಮಾಡಿದ್ರೆ ತೊಂದ್ರೆ ಹುಟ್ಟೋ ಜಾಗ ಕರೆಕ್ಟಾಗಿ ಸಿಗುತ್ತೆ, ಅಲ್ಲಿ ಸುಟ್ರೆ (ಇದಕ್ಕೆ ಅಬ್ಲೇಷನ್ ಅಂತಾರೆ) ಮುಗೀತು, ರಕ್ತ ತೆಳು ಮಾಡೋ ಮಾತ್ರೆನೂ ಬೇಡ ಅಂತ. ಅರ್ಧ ಸತ್ಯ ಕಣ್ರಿ. ಬಂದು ಹೋಗೋ ಟೈಪಲ್ಲಿ ತಾಳ ಕೆಡಿಸೋ ಸಿಗ್ನಲ್ ಕಿಡಿ ಹೆಚ್ಚಾಗಿ ಶ್ವಾಸಕೋಶದಿಂದ ಬರೋ ರಕ್ತನಾಳಗಳಲ್ಲೇ ಹುಟ್ಟೋದು, ಇದನ್ನ 1998ರಲ್ಲೇ ಫ್ರಾನ್ಸಿನ ಬೋರ್ಡೋ ಡಾಕ್ಟರ್‌ಗಳು ತೋರಿಸಿದ್ರು. ಆದ್ರೆ 7 ದಿನಕ್ಕಿಂತ ಜಾಸ್ತಿ ಬಿಡದೆ ಇರೋ ಪರ್ಸಿಸ್ಟೆಂಟ್ ಟೈಪಲ್ಲಿ ಎಷ್ಟೋ ಜನಕ್ಕೆ ಹೃದಯದ ಮೇಲಿನ ಕೋಣೆ ಗೋಡೆನೇ ಹಾಳಾಗಿರುತ್ತೆ, ಒಂದೇ ಜಾಗ ಅಂತ ಇರಲ್ಲ. 2015ರ ಸ್ಟಾರ್ ಎಎಫ್ 2 ಟ್ರಯಲ್‌ನಲ್ಲಿ ಈ ಪರ್ಸಿಸ್ಟೆಂಟ್ ಟೈಪಿನ 589 ಜನರನ್ನ ನೋಡಿದ್ರು, ನಾಳಗಳ ಸುತ್ತ ಸುಟ್ಟಿದ್ದಲ್ಲದೆ ಸಿಗ್ನಲ್ ಮ್ಯಾಪ್ ನೋಡಿ ಎಕ್ಸ್‌ಟ್ರಾ ಸುಟ್ರೂ ಲಾಭ ಆಗ್ಲಿಲ್ಲ. ಹಂಗಂತ ಮ್ಯಾಪಿಂಗ್ ವೇಸ್ಟ್ ಅಲ್ಲ, ಕ್ಯಾತಿಟರ್ (ಸುಡೋಕೆ ಹೃದಯದೊಳಗೆ ಹಾಕೋ ತೆಳು ಟ್ಯೂಬ್) ಎಲ್ಲಿದೆ, ಸುಟ್ಟ ಗೆರೆಯಲ್ಲಿ ಗ್ಯಾಪ್ ಉಳಿದಿದ್ಯಾ ಅಂತ ನೋಡಕ್ಕೆ ತುಂಬಾ ಉಪಯೋಗಕ್ಕೆ ಬರುತ್ತೆ. ಮಾತ್ರೆ ವಿಷಯ ಪೂರ್ತಿ ತಪ್ಪು, ಅಬ್ಲೇಷನ್ ಆದ್ಮೇಲೂ ಕೆಲವು ತಿಂಗಳು ತಗೊಳ್ಳೇಬೇಕು, ಆಮೇಲೆ ನಿಲ್ಲಿಸೋದು ಬಿಡೋದು ಸ್ಟ್ರೋಕ್ ರಿಸ್ಕ್ ನೋಡಿ ಡಾಕ್ಟರ್ ಹೇಳ್ತಾರೆ, ಗ್ರೂಪ್ ಅಡ್ಮಿನ್ ಅಲ್ಲ.